ನಾಯಿಯ ಬಾರು

ಮಳೆಗೆ ನೆನೆದ ಚರ್ಮದ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ತಾನಾಗಿ ಮುಖಕ್ಕೆ ಅಡ್ಡ ಬರುತ್ತದೆ.

ಸ್ವೀಡನ್ನಿನ ಟೋರ್ಸ್‌ಲಾಂಡದ ನಮ್ಮ ಮನೆಯಲ್ಲಿ ಅದೊಂದು ಅಕ್ಟೋಬರ್ ಮಧ್ಯಾಹ್ನ. ಎಲೆಗಳು ಕೆಂಪಾಗುವುದನ್ನು ನೋಡಲು ಕಾರಿನಲ್ಲಿ ಉತ್ತರಕ್ಕೆ ಹೋಗುವುದೆಂದು ಅಪ್ಪ ಊಟದ ಮೇಜಿನ ಮೇಲೆ ನಕ್ಷೆ ಹರಡಿದ್ದರು.

"ನಾಯಿ ಬೇಡ," ಎಂದರು.

"ಬ್ರೂನೋನ ಬಿಟ್ಟು ಹೇಗ್ರೀ ಹೋಗೋದು?" ಎಂದಳು ಅಮ್ಮ.

"ಅದಕ್ಕೂ ಒಂದು ಪಾಸ್‌ಪೋರ್ಟ್ ಮಾಡಿಸಿ ತಲೆ ಮೇಲೆ ಕೂರಿಸ್ಕೊಂಡಿದೀಯ!"

"ಹಾಗಾದ್ರೆ ನಾನೂ ಬರಲ್ಲ," ಎಂದೆ ನಾನು.

ಅಪ್ಪ ಎದ್ದು ಬಾಗಿಲ ಪಕ್ಕದ ಮೊಳೆಯಿಂದ ನಾಯಿಯ ಬಾರನ್ನು ಎಳೆದುಕೊಂಡರು. ಬೆಳಗಿನ ಮಳೆಗೆ ಅದಿನ್ನೂ ಒದ್ದೆಯಾಗಿತ್ತು. ಮೊದಲ ಏಟಿಗೆ ಟೀ ಲೋಟ ಒಡೆದು ನಕ್ಷೆಯೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಎರಡನೆಯದು ನನಗೆ ಬೀಳಬೇಕಿತ್ತು. ಅಡ್ಡ ಬಂದ ಅಮ್ಮನ ಕೆನ್ನೆ ಸೀಳಿತು.

ಬಾರಿನ ಕೊಂಡಿ ಸದ್ದಾಗಿದ್ದೇ ತಡ, ವಾಕಿಂಗ್ ಎಂದುಕೊಂಡ ಬ್ರೂನೋ ಬಾಲ ಅಲ್ಲಾಡಿಸುತ್ತಾ ಓಡಿ ಬಂತು. ಅಪ್ಪ ಅದಕ್ಕೂ ಬೀಸಿದರು. ಕುಂಯ್ ಎಂದು ನೆಲಕ್ಕೆ ಬಿದ್ದದ್ದು ಮತ್ತೆ ಎದ್ದು, ನಾವು ಕಲಿಸಿದ್ದಂತೆ ಅವರ ಮುಂದೆ ಕೂತು, ಕೊಂಡಿ ಹಾಕಿಸಿಕೊಳ್ಳಲು ಕತ್ತು ಚಾಚಿತು.

ಎತ್ತಿದ ಕೈ ಹಾಗೇ ನಿಂತಿತು. ಅಮ್ಮ ಆ ಕೈಯಿಂದ ಬಾರು ಬಿಡಿಸಿಕೊಂಡು ಬ್ರೂನೋಗೆ ಕೊಂಡಿ ಹಾಕಿದಳು.

"ಶೂ ಹಾಕ್ಕೋ ಪುಟ್ಟಾ, ಹೊರಡೋಣ."

"ಎಲ್ಲಿಗಮ್ಮಾ?"

"ಎಲೆ ನೋಡೋಕೆ," ಎಂದಳು, ಕೆನ್ನೆಯ ರಕ್ತವನ್ನು ಸೆರಗಿಲ್ಲದ ಸ್ವೆಟರಿನ ತೋಳಿಗೆ ಒರೆಸಿಕೊಳ್ಳುತ್ತಾ.

ನಕ್ಷೆ ಮೇಜಿನ ಮೇಲೇ ಉಳಿಯಿತು. ಅವಳು ಡ್ರಾಯರ್‌ನಿಂದ ತೆಗೆದುಕೊಂಡದ್ದು ಪಾಸ್‌ಪೋರ್ಟ್‌ಗಳನ್ನು ಮಾತ್ರ: ಅವಳದು, ನನ್ನದು, ಬ್ರೂನೋದು.