ಒಂದು ನಿಮಿಷದ ಪರದೆ

ವಿದಾದ್ ಅರಬ್ಬಿ ಕತೆಯ ಎರಡನೆಯ ಸಾಲಿನ ನಡುವಿಗೆ ಬಂದಿದ್ದಳು, ಅಷ್ಟರಲ್ಲಿ ಲ್ಯಾಪ್‌ಟಾಪಿನ ಪರದೆ ಮತ್ತೆ ಕಪ್ಪಾಯಿತು. ಅವಳು ಗುಂಡಿ ಒತ್ತಿ ಅದನ್ನು ಎಬ್ಬಿಸಿದಳು. ಓದುತ್ತಿದ್ದ ಜಾಗ ತಪ್ಪಿಹೋಗಿತ್ತು; ಬೆರಳನ್ನು ಮೊದಲ ಸಾಲು ಶುರುವಾಗುವ ಬಲತುದಿಗೆ ತಂದಿಟ್ಟು ಪುನಃ ಅಕ್ಷರ ಕೂಡಿಸತೊಡಗಿದಳು: "ಸಲ್ಮಾಳ... ಆಡು... ಕಳೆದು... ಹೋಯಿತು."

"ಮತ್ತೆ ಅದೇ ಆಡಾ? ವಾರದಿಂದ ಕಳೆದುಹೋಗ್ತಾನೇ ಇದೆಯಲ್ಲ ಮಾರಾಯ್ತಿ!" ಎಂದು ಗಂಡ ಅಬೂ ಜಾದ್ ನಕ್ಕ. ಮೊಮ್ಮಕ್ಕಳಾದ ಮೇಲೆ ಓದು ಕಲಿಯಲು ಹೊರಟ ಹೆಂಡತಿಗೆ ಆ ಒಂದು ಸಾಲು ಬಲು ಇಷ್ಟ ಎಂದೇ ಅವನು ತಿಳಿದಿದ್ದ.

"ನಾನೇನ್ ಮಾಡ್ಲಿ? ನನ್ನ ಓದು ಕೇಳಿದ್ರೆ ನಿಮ್ಮ ಯಂತ್ರಕ್ಕೂ ನಿದ್ದೆ ಬರುತ್ತೆ. ಕ್ಲಾಸಲ್ಲಿ ಎಲ್ರೂ ಕತೆ ಮುಗಿಸಿದ್ರು. ನಾಳೆಯಿಂದ ನಾನು ಹೋಗಲ್ಲ ಬಿಡಿ."

ಅಬೂ ಜಾದ್‌ನ ನಗು ನಿಂತಿತು. ಬೈರೂತಿನಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬ್ಯಾಟರಿ ಉಳಿಯಲೆಂದು ಒಂದೇ ನಿಮಿಷಕ್ಕೆ ಪರದೆ ಆರುವಂತೆ ಮಾಡಿದ್ದವನು ಅವನೇ. ಮನೆಯವರು ಅದನ್ನು ಬದಲಿಸದಿರಲೆಂದು ಪವರ್ ಸೆಟ್ಟಿಂಗ್ಸ್‌ನಿಂದ ಆ ಆಯ್ಕೆಯನ್ನೇ ಮರೆಮಾಡಿದ್ದವನೂ ಅವನೇ. ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡು, ಒಂದು ಕಮಾಂಡ್ ಟೈಪ್ ಮಾಡಿ, ಕಾಣೆಯಾಗಿದ್ದ ಆಯ್ಕೆಯನ್ನು ಮರಳಿ ತಂದ. ಪರದೆ ಎಂದಿಗೂ ಆರದಂತೆ ಮಾಡಿ ಅವಳ ಮುಂದಿಟ್ಟ.

"ಬ್ಯಾಟರಿ ಖಾಲಿಯಾದ್ರೆ ಸಂಜೆ ನಿಮ್ಮ ಮ್ಯಾಚು?"

"ಆಗ್ಲಿ. ನೀನು ಓದು."

ಅವಳ ಬೆರಳು ಎರಡನೆಯ ಸಾಲು ದಾಟಿತು, ಮೂರನೆಯದರಲ್ಲಿ ಎಡವಿತು, ನಿಂತು ಮತ್ತೆ ಹೊರಟಿತು. ಪರದೆ ಕಾದುಕೊಂಡೇ ಇತ್ತು. ಬ್ಯಾಟರಿಯ ಗುರುತು ಕೆಂಪಾಗುವ ಹೊತ್ತಿಗೆ ವಿದಾದ್ ತಲೆಯೆತ್ತಿದಳು.

"ರೀ, ಆಡು ಸಿಕ್ತು!"