ಹೊಗೆಯಿಲ್ಲದ ಅಡುಗೆ

“ಅದ್ರಲ್ಲಿ ಇವಳ ಹೆಚ್ಚುಗಾರಿಕೆ ಏನು ಬುಡು!” ಎಂದು ಗಂಡ ಚೆಲುವರಾಜು ನಕ್ಕಾಗ, ವಸಂತಮ್ಮ ಕಾಫಿ ಲೋಟವನ್ನು ಕೆಳಗಿಟ್ಟಳು. ಗಂಡನ ಗೆಳೆಯ ರಾಮಯ್ಯ ಆಗಷ್ಟೇ ಅವಳು ಮಾಡಿದ ಬ್ರೆಡ್ಡಿನ ಗರಿಗರಿ ಅಂಚು ಮುರಿದು, “ಬೇಕರಿಯವರೂ ಹಿಂಗೆ ಮಾಡಲ್ಲ ಕಣ್ರೀ” ಎಂದು ಹೊಗಳಿದ್ದರು.

“ರಾತ್ರಿ ಹಿಟ್ಟು ಕಲಸಿಟ್ಟು ಮಲಗಿದ್ಲು, ಅದು ತಾನೇ ಉಬ್ಬಿತು. ಬೆಳಗ್ಗೆ ಪಾತ್ರೆಗೆ ಹಾಕಿ ಮೇಲೆ ಕೆಳಗೆ ಕೆಂಡ ಇಟ್ಲು, ಅದು ತಾನೇ ಬೆಂದಿತು. ನಮ್ಮವ್ವ ಹೊಗೆ ಕುಡ್ಕೊಂಡು ಮುದ್ದೆ ತಿರುವ್ತಿದ್ಲು ನೋಡು, ಅದು ಅಡುಗೆ!” ಎಂದು ಚೆಲುವರಾಜು ಮುಂದುವರಿಸಿದ.

ವಸಂತಮ್ಮನಿಗೆ ಮೈಯೆಲ್ಲ ಉರಿಯಿತು. ದಿನವಿಡೀ ಶಾಲೆಯಲ್ಲಿ ಪಾಠ ಹೇಳಿ ದಣಿದು ಬರುವವಳು, ಮಂಡಿ ಮೊಹಲ್ಲಾದ ಬೇಕರಿಯಿಂದ ಚೂರು ಈಸ್ಟ್ ಬೇಡಿ ತಂದು, ರೇಷನ್ ಗೋಧಿಹಿಟ್ಟನ್ನು ಮೂರು ಸಲ ಕೆಡಿಸಿಕೊಂಡ ಮೇಲೆ ಕಲಿತ ಉಪಾಯ ಅದು. ಕಷ್ಟಪಡದೆ ಮಾಡಿದರೆ ರುಚಿಗೂ ಬೆಲೆಯಿಲ್ಲವೇ? ಕೇಳಿಯೇಬಿಡಬೇಕೆಂದು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅತ್ತೆ ಪುಟ್ಟತಾಯಮ್ಮ ಎದ್ದು ಬಂದು, ಮಗನ ಮುಂದಿದ್ದ ತಟ್ಟೆಯನ್ನು ಸೆಳೆದುಕೊಂಡರು.

“ಆ ಹೊಗೇಲೇ ಕಣ್ಣು ಮಂಜಾಗೋದ್ವು ಕಣೋ. ಒಂದಿನಾನಾದ್ರೂ ಚೆನ್ನಾಗೈತೆ ಅವ್ವ ಅಂದಿದ್ಯಾ? ಈಗ ನನ್ನ ಹೆಸರು ಹೇಳ್ಕೊಂಡು ಇವಳನ್ನ ಹಂಗಿಸ್ತೀಯಾ?”

ಪುಟ್ಟತಾಯಮ್ಮ ತಟ್ಟೆಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಮುರಿದು ಬಾಯಿಗೆ ಹಾಕಿಕೊಂಡು ಸೊಸೆಯ ಕಡೆ ತಿರುಗಿದರು.

“ಇವತ್ತು ರಾತ್ರಿ ಹಿಟ್ಟು ನಾನೇ ಕಲಸ್ತೀನಿ, ಹೆಂಗೆ ಅಂತ ತೋರಿಸು ಮಗಾ. ಕಲಸಿಟ್ಟು ನಾನೂ ಮಲಕ್ಕೋಬೇಕು.”