ಆರನೇ ದಿನ

ಒಂದು ಮಾತಿನಿಂದ ದೇವರಿಗೆ ನಿಜವಾಗಿ ನೋವಾಗುತ್ತದೆಯೇ? ತಾಯಿಯ ಹಾಸಿಗೆಯ ಪಕ್ಕ ಕುಳಿತ ಪಾದ್ರಿ ಅವಿತೊನಿಗೆ ತಿಳಿಯಲಿಲ್ಲ. ವಾರದ ದಿನಗಳಿಗೆ ಹಳೆಯ ದೇವತೆಗಳ ಹೆಸರು ಬೇಡ, ಎರಡನೇ ದಿನ, ಮೂರನೇ ದಿನ ಎಂದು ಎಣಿಸಿ ಕರೆಯಿರಿ ಎಂದು ಬ್ರಾಗಾದ ಬಿಷಪ್ಪರು ಆಜ್ಞೆ ಮಾಡಿದ್ದರು. ಬೀದಿಯ ಮಕ್ಕಳು ಆಗಲೇ ಹಾಗೆ ಎಣಿಸುತ್ತಿದ್ದರು. ಮುಂದೆ ಪೋರ್ಚುಗೀಸ್ ಎನಿಸಿಕೊಳ್ಳಲಿದ್ದ ಆ ನುಡಿಯಲ್ಲಿ ಅದೇ ಎಣಿಕೆ ಉಳಿದುಬಿಟ್ಟಿತು. ಹಳೆಯ ಹೆಸರು ಹೇಳಿದಳೆಂದು ನೇಯುವ ಹೆಂಗಸೊಬ್ಬಳಿಗೆ ಅವಿತೊ ಮೊನ್ನೆ ತಾನೇ ಪವಿತ್ರ ರೊಟ್ಟಿ ಕೊಡದೆ ಕಳಿಸಿದ್ದ.

"ಇವತ್ತು ಯಾವ ವಾರನೋ?" ಕಣ್ಣು ಕಾಣದ ತಾಯಿ ಮಾರಿನಿಯಾ ಕೇಳಿದಳು. ವೀನಸ್ ದೇವಿಯ ವಾರ, ಅಂದರೆ ಹೊಸ ಎಣಿಕೆಯ ಆರನೇ ದಿನ, ಬರುತ್ತೇನೆಂದು ಮಗಳು ಫ್ಲೋರಿನಾ ನದಿಯಾಚೆಯಿಂದ ಹೇಳಿಕಳಿಸಿದ್ದಳು. ಅಲ್ಲಿಯವರೆಗೆ ಜೀವ ಹಿಡಿದಿರಬೇಕೆಂಬುದು ಮುದುಕಿಯ ಹಟ.

"ಆರನೇ ದಿನ, ಅಮ್ಮ."

"ದಿನ ಏನು ಕುರಿಮಂದೆನಾ ಎಣ್ಸೋಕೆ? ನಿಮ್ಮ ಬಿಷಪ್ಪಂಗೆ ಹೆಸರು ನೆನಪಿರಲ್ವಾ?" ನಗಲು ಹೋಗಿ ಕೆಮ್ಮಿದಳು.

"ಫ್ಲೋರಿನಾ ಇವತ್ತೇ ಬರ್ತಾಳಮ್ಮ."

"ಸಮಾಧಾನಕ್ಕೆ ಹೇಳ್ಬೇಡ. ನಿನ್ನೆನೂ ಬರ್ತಾಳೆ ಬರ್ತಾಳೆ ಅಂದೆ. ಇವತ್ತು ವೀನಸ್ ವಾರ ಅಂತ ಬಾಯ್ಬಿಟ್ಟು ಹೇಳು ಮಗಾ, ನಂಬ್ತೀನಿ."

ಅವಳು ಕೈಚಾಚಿ, ತಡಕಾಡಿ, ಆ ಮಾತು ಹೊರಡುವುದನ್ನು ಮುಟ್ಟಿ ನೋಡುವವಳಂತೆ ಅವನ ತುಟಿಗಳ ಮೇಲೆ ಬೆರಳಿಟ್ಟಳು. ತುಟಿಗಳು ಆ ಹೆಸರಿಗಾಗಿ ಅಲುಗಿದವು. ಬರಿಗೈಯಲ್ಲಿ ತಿರುಗಿಹೋದ ಆ ನೇಯುವ ಹೆಂಗಸಿನ ಮುಖ ಅವನಿಗೆ ನೆನಪಾಯಿತು. ತುಟಿಗಳು ಮುಚ್ಚಿಕೊಂಡವು.

"ಹಂಗಾದ್ರೆ ಆ ವಾರ ಇನ್ನೂ ಬಂದಿಲ್ಲ ಅನ್ನು. ಇನ್ನು ಕಾಯೋಕೆ ನನ್ನ ಕೈಲಾಗಲ್ಲಪ್ಪ" ಎಂದು ಬೆರಳು ತೆಗೆದು ಅವಳು ಗೋಡೆಯ ಕಡೆ ಹೊರಳಿದಳು. ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟುಬಿಟ್ಟಳು; ಮತ್ತೆ ಎಳೆದುಕೊಳ್ಳಲಿಲ್ಲ.

ಇವತ್ತು ವೀನಸ್ ವಾರ ಎಂದು ಅವಿತೊ ಅವಳಿಗೆ ಹೇಳಲೇ ಇಲ್ಲ.